ರೈಲು ಬಿಡುವವನ ವೇಳಾಪಟ್ಟಿ

ಜನವರಿ 9

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾನು ಕ್ಷೇಮ. ಆದರೆ ಎದೆಯ ಮೇಲೊಂದು ಭಾರವಿದೆ, ಇಳಿಸದೆ ಊಟ ಸೇರುತ್ತಿಲ್ಲ. ನಾನೊಂದು ಅಪರಾಧ ಮಾಡಿದ್ದೇನೆ.

ಕಳೆದ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ, ಇಬ್ಬರು ರೋಗಿಗಳು ಮತ್ತು ಒಂದು ಮೀನಿನ ಸಮಕ್ಷಮದಲ್ಲಿ, ಪ್ರವಾಸದ ಪತ್ರಿಕೆಯೊಂದರ ನಡುಪುಟವನ್ನು ಹರಿದು ಜೇಬಿಗಿಳಿಸಿದೆ. ಹರಿಯುವ ಸದ್ದು ಮುಚ್ಚಲು ಕೆಮ್ಮಿದೆ. ಪುಟ ದೊಡ್ಡದು, ಮೂರು ಕೆಮ್ಮು ಬೇಕಾಯಿತು. ಮೂರನೆಯದಕ್ಕೆ ಪಕ್ಕದವರು ಕರುಣೆಯಿಂದ, "ಸಾರ್, ನಿಮಗೆ ಬೇಕಾಗಿರೋದು ಎದೆ ಡಾಕ್ಟರು. ಇವರು ಬರೀ ಹಲ್ಲು" ಎಂದರು. ತೊಟ್ಟಿಯ ಮೀನು ಮಾತ್ರ ನನ್ನನ್ನೇ ನೋಡುತ್ತ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಸಾಕ್ಷಿ ಹೇಳುವ ಹವಣಿಕೆ ಇರಬೇಕು. ಪುಸ್ತಕ ಹರಿದರೆ ಕೈಗೆ ಹುಳ ಬೀಳುತ್ತೆ ಎಂದು ಇಪ್ಪತ್ತಾರು ವರ್ಷ ಮಕ್ಕಳನ್ನು ಹೆದರಿಸಿದ ಮೇಷ್ಟ್ರು ನಾನು. ಒಂದು ವಾರದಿಂದ ಕೈ ನೋಡಿಕೊಳ್ಳುತ್ತಿದ್ದೇನೆ. ಹುಳ ಇನ್ನೂ ಬಿದ್ದಿಲ್ಲ.

ಆ ಪುಟದಲ್ಲಿದ್ದದ್ದು ಹೊರದೇಶದ ರೈಲುದಾರಿಗಳ ನಕ್ಷೆ. ನೀನು ನಿವೃತ್ತಳಾದ ವರ್ಷ, ಬೇಸಿಗೆಯಲ್ಲಿ, ನಾವಿಬ್ಬರೂ ಅಲ್ಲಿಗೆ ಹೋಗಿ ಊರಿಂದೂರಿಗೆ ರೈಲಿನಲ್ಲೇ ಸುತ್ತಬೇಕು ಎಂದು ಹತ್ತು ವರ್ಷದಿಂದ ಹೇಳುತ್ತ ಬಂದವಳು ನೀನು. "ವಾರ್ಡಿನಲ್ಲಿ ಮೂವತ್ತಾರು ವರ್ಷ ನಿಂತಿದ್ದೀನಿ ಕಣೋ, ಇನ್ನು ಕೂತುಕೊಂಡು ಲೋಕ ನೋಡಬೇಕು" ಎಂದವಳೂ ನೀನೇ. ಜುಲೈಗೆ ನರ್ಸಿಂಗ್ ಶಾಲೆಯವರು ಪಾಠ ಹೇಳಲು ನಿನ್ನನ್ನು ಹಿಡಿದು ಕೂರಿಸುತ್ತಾರೆ. ಉಳಿದಿರುವುದು ಈ ಜೂನ್ ಒಂದೇ.

ನೀನು ನನ್ನ ಜೊತೆ ಮಾತು ಬಿಟ್ಟು ಇಪ್ಪತ್ತೆರಡು ದಿನವಾಯಿತು. ಫೋನು ಎತ್ತುವುದಿಲ್ಲ. ಆದರೆ ನಮ್ಮ ಮನೆಯ ಕಾನೂನು ನೆನಪಿರಲಿ: ಮಾತು ಬಿಟ್ಟವರು ಬರಹ ಬಿಡುವಂತಿಲ್ಲ. ಅಪ್ಪ ಅಮ್ಮ ಮಾತು ಬಿಟ್ಟಾಗಲೆಲ್ಲ ಚೀಟಿ ಹೊತ್ತು ಅಡುಗೆಮನೆಗೂ ಹಜಾರಕ್ಕೂ ಓಡಾಡಿದವರು ನಾವೇ ಅಲ್ಲವೇ? "ಉಪ್ಪು ಜಾಸ್ತಿ" ಎಂಬ ಚೀಟಿಗೆ "ನಾಳೆಯಿಂದ ನೀವೇ ಬೇಯಿಸಿ" ಎಂಬ ಉತ್ತರ!

ಯೋಜನೆಯ ಚಿಂತೆ ಬೇಡ. ಹದಿನಾಲ್ಕು ಮೇಷ್ಟ್ರು, ಒಂಬತ್ತು ತರಗತಿ, ಇಪ್ಪತ್ತಾರು ವರ್ಷ: ಶಾಲೆಯ ವೇಳಾಪಟ್ಟಿ ಹಾಕಿದ್ದು ನಾನು. ಇಬ್ಬರು ಮೇಷ್ಟ್ರು ಒಂದೇ ತರಗತಿಗೆ ನುಗ್ಗಿದ್ದು ಒಂದು ದಿನವೂ ಇಲ್ಲ. ಹತ್ತು ಹನ್ನೊಂದು ರೈಲು ನನಗ್ಯಾವ ಲೆಕ್ಕ?

ತಪ್ಪೊಪ್ಪಿಕೊಂಡು ಹಗುರಾದ
ನಿನ್ನ ತಮ್ಮ


ಜನವರಿ 20

ತಮ್ಮನಿಗೆ,

ಪತ್ರ ಬಂತು. ನಿನ್ನ ಮನೆಯಿಂದ ನನ್ನ ಮನೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಅಂಚೆಯಲ್ಲಿ ಮೂರು ದಿನ. ಒಳ್ಳೆಯದೇ ಆಯಿತು. ಸಿಟ್ಟು ಆರುವುದಕ್ಕೂ ಸಮಯ ಬೇಕು.

ಸಣ್ಣ ತಪ್ಪು ಒಪ್ಪಿಕೊಳ್ಳುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಚಿಕ್ಕಂದಿನಲ್ಲೂ ಹಾಗೇ. ಕಿಟಕಿ ಗಾಜು ಒಡೆದ ದಿನ ಪೆನ್ಸಿಲ್ ಕಳೆದೆ ಅಂತ ಅಳುತ್ತ ಬರುತ್ತಿದ್ದೆ. ಇನ್ನೊಂದು ಮಾತು. ಮೊದಲ ಸಾಲಿನಲ್ಲಿ "ಕ್ಷೇಮ" ಅಂತ ಬರೆದಿದ್ದೀಯ. ಅಲ್ಲಿ "ಕ್ಷಮೆ" ಅಂತ ಇರಬೇಕಿತ್ತು.

ನಿನಗೆ ಮರೆತಿದ್ದರೆ ನಾನೇ ನೆನಪಿಸುತ್ತೇನೆ. ಎರಡು ವರ್ಷದ ಹಿಂದೆ ಆ ಮಾಸಪತ್ರಿಕೆಯಲ್ಲಿ "ಅಕ್ಕ ಮತ್ತು ಓಡುವ ಮೆಟ್ಟಿಲು" ಅಂತ ಬರೆದೆ. ಹೊಸ ಶಾಪಿಂಗ್ ಕಟ್ಟಡದ ಎಸ್ಕಲೇಟರ್ ಮೇಲೆ ಹೆಡ್ ನರ್ಸ್ ಅಕ್ಕ ಹೆದರಿ ಕುಸಿದು ಕೂತಳು, ಧೈರ್ಯವಂತ ತಮ್ಮ ಕೈಹಿಡಿದು ದಾಟಿಸಿದ. ಜನ ನಕ್ಕರು. ನಿನಗೊಂದು ಫಲಕ ಕೊಟ್ಟರು. ಯಾರೋ ಅದನ್ನು ನಮ್ಮ ವಾರ್ಡಿನ ನೋಟಿಸ್ ಬೋರ್ಡಿಗೆ ಚುಚ್ಚಿದರು. ತರಬೇತಿಗೆ ಬಂದ ಹುಡುಗಿಯರು ನನ್ನ ಬೆನ್ನ ಹಿಂದೆ "ಮೆಟ್ಟಿಲಕ್ಕ" ಅನ್ನತೊಡಗಿದರು. ಅದನ್ನೂ ನುಂಗಿಕೊಂಡೆ.

ಆದರೆ ಡಿಸೆಂಬರಿನಲ್ಲಿ ನನ್ನ ಬೀಳ್ಕೊಡುಗೆ. ಮೂವತ್ತಾರು ವರ್ಷ. ಇಪ್ಪತ್ತೆರಡು ಹಾಸಿಗೆ. ದೊಡ್ಡ ಡಾಕ್ಟರು ಮಾತಾಡಲು ಎದ್ದು, ಜೇಬಿನಿಂದ ತೆಗೆದು ಓದಿದ್ದು ನಿನ್ನ ಲೇಖನ. ಇಡೀ ಸಭೆ ನಕ್ಕಿತು. "ಲೇಖಕರೂ ಇಲ್ಲೇ ಇದ್ದಾರೆ" ಅಂದರು. ಕೊನೆಯ ಸಾಲಿನಲ್ಲಿದ್ದ ನೀನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದೆ.

ಅಲ್ಲಿ ಹೆದರಿದ್ದು ಯಾರು ಅಂತ ನನಗೂ ಗೊತ್ತು, ನಿನಗೂ ಗೊತ್ತು. ಅದೇ ಪತ್ರಿಕೆಯಲ್ಲಿ, ಅಷ್ಟೇ ಜಾಗದಲ್ಲಿ, ನಡೆದದ್ದು ನಡೆದ ಹಾಗೆ ಬರಲಿ. ಆಮೇಲೆ ನಿನ್ನ ರೈಲು. ಇಲ್ಲದಿದ್ದರೆ ಆಸ್ಪತ್ರೆಯ ಹಳೆಯ ಗೆಳತಿಯರು ಅದೇ ದೇಶಕ್ಕೆ ಬಸ್ ಪ್ರವಾಸ ಹೊರಟಿದ್ದಾರೆ. ಏಪ್ರಿಲ್ ಮೂವತ್ತರವರೆಗೆ ನನಗೊಂದು ಸೀಟು ಹಿಡಿದಿರುತ್ತಾರಂತೆ.

ಅಕ್ಕ


ಜನವರಿ 27

ಪ್ರೀತಿಯ ಅಕ್ಕನಿಗೆ,

ಬಸ್ಸೇ? ಛೆ! ಬಸ್ಸಿನಲ್ಲಿ ಕೂತವರು ಬರೀ ಪ್ರಯಾಣಿಕರು. ರೈಲಿನಲ್ಲಿ ಕೂತವರು ಬೋಗಿಯೊಳಗಿನ ಭೋಗಿಗಳು.

ಲೇಖನದ ವಿಷಯ ಆಮೇಲೆ ಮಾತಾಡೋಣ, ಅಂದರೆ ಬರೆಯೋಣ. ಹಾಸ್ಯವೆಂದ ಮೇಲೆ ಒಂದಿಷ್ಟು ಬಣ್ಣ ಬಳಿಯುವುದು ಇದ್ದದ್ದೇ. ನಾನು ಹಳಿ ತಪ್ಪಿದ್ದೇನೆ ನಿಜ, ಹಾಗಂತ ನೀನು ಹೀಗೆ ಹಳಿಯಬೇಕೇ?

ಇದರ ಜೊತೆ ವೇಳಾಪಟ್ಟಿ ಇಟ್ಟಿದ್ದೇನೆ, ನೋಡು. ಹದಿನೆಂಟು ದಿನ, ಏಳು ಊರು, ಹನ್ನೊಂದು ರೈಲು. ದಿನಕ್ಕೆ ಎಂಟು ಪೀರಿಯಡ್, ಒಂದೊಂದೂ ನಲವತ್ತು ನಿಮಿಷ. ಉದಾಹರಣೆಗೆ ಎರಡನೇ ದಿನ, ಸೇತುವೆಗಳ ಊರು. ಮೊದಲ ಪೀರಿಯಡ್ ಹಳೆಯ ಸೇತುವೆ. ಎರಡನೆಯದು ಹೊಸ ಸೇತುವೆ. ಮೂರನೆಯದು ಎರಡರ ತುಲನೆ. ವಸ್ತುಸಂಗ್ರಹಾಲಯಕ್ಕೆ ಜೋಡಿ ಪೀರಿಯಡ್, ವಿಜ್ಞಾನದ ಪ್ರಯೋಗಕ್ಕೆ ಕೊಡುತ್ತಿದ್ದ ಹಾಗೆ. ಊಟಕ್ಕೆ ಇಪ್ಪತ್ತು ನಿಮಿಷ. ಶನಿವಾರ ಅರ್ಧ ದಿನ. ಯಾವುದಾದರೂ ರೈಲು ಗೈರುಹಾಜರಾದರೆ ಅದರ ಬದಲಿ ರೈಲಿನ ಹೆಸರು ಕೆಂಪು ಶಾಯಿಯಲ್ಲಿದೆ. ಒಂದು ರೈಲು ಇಳಿದು ಇನ್ನೊಂದು ಹತ್ತುವುದರ ನಡುವೆ ಎಲ್ಲೂ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ವ್ಯರ್ಥವಿಲ್ಲ.

ನಿನ್ನ ನಾದಿನಿಯನ್ನೂ ಕರೆದೆ. "ನೀವು ಹೋಗಿಬನ್ನಿ. ಹದಿನೆಂಟು ದಿನ ಮನೆಯಲ್ಲಿ ಗಂಟೆ ಹೊಡೆಯೋರು ಇರಲ್ಲ ಅನ್ನೋದೇ ನನಗೆ ಪ್ರವಾಸ" ಎಂದಳು.

ಸದಾ ಸಮಯಕ್ಕೆ ಸರಿಯಾಗಿ,
ನಿನ್ನ ತಮ್ಮ


ಫೆಬ್ರವರಿ 10

ತಮ್ಮನಿಗೆ,

ವೇಳಾಪಟ್ಟಿ ನೋಡಿದೆ. ಓದಿ ಮುಗಿಸುವಷ್ಟರಲ್ಲಿ ಕಿವಿಯಲ್ಲಿ ಗಂಟೆ ಹೊಡೆದು ಹೊಡೆದು ತಲೆನೋವು ಬಂತು.

ಶೌಚಾಲಯಕ್ಕೆ ಯಾವ ಪೀರಿಯಡ್? ನಿನ್ನ ಶಾಲೆಯ ಮಕ್ಕಳು ಬೆರಳು ಎತ್ತುತ್ತಿದ್ದರು. ನಾನು ಅಲ್ಲಿ ಯಾರ ಮುಂದೆ ಎತ್ತಲಿ, ಇಂಜಿನ್ ಡ್ರೈವರ್ ಮುಂದೆಯೇ? ಊಟಕ್ಕೆ ಇಪ್ಪತ್ತು ನಿಮಿಷ ಅಂತೀಯ, ನಮ್ಮ ವಾರ್ಡಿನಲ್ಲಿ ಹಲ್ಲಿಲ್ಲದವರಿಗೂ ಅದಕ್ಕಿಂತ ಹೆಚ್ಚು ಕೊಡುತ್ತಿದ್ದೆವು. ಐದನೇ ದಿನ ಬೆಟ್ಟದ ಊರಿನಲ್ಲಿ ನಾಲ್ಕನೇ ಪೀರಿಯಡ್‌ಗೆ "ಸೌಂದರ್ಯಾಸ್ವಾದ" ಅಂತ ಬರೆದಿದ್ದೀಯ. ನಲವತ್ತೊಂದನೇ ನಿಮಿಷಕ್ಕೆ ಸೌಂದರ್ಯ ಉಳಿದಿದ್ದರೆ ಏನು ಮಾಡೋಣ, ಹೋಮ್‌ವರ್ಕ್ ಕೊಡ್ತೀಯಾ?

ಇದೆಲ್ಲ ಇರಲಿ. ಸರೋವರದ ಊರು ಎಲ್ಲಿ? ಪಟ್ಟಿಯನ್ನು ಮೂರು ಸಲ ಹುಡುಕಿದೆ, ಇಲ್ಲ.

ನನಗೆ ಆ ದೇಶದಲ್ಲಿ ನೋಡಬೇಕಾಗಿರುವುದು ಅದೊಂದೇ ಅಂತ ನಿನಗೆ ಗೊತ್ತು. ಒಂಬತ್ತನೇ ಹಾಸಿಗೆಯ ಅಜ್ಜನ ಕಥೆ ನಿನಗೆ ಎಷ್ಟು ಸಲ ಹೇಳಿಲ್ಲ? ಹಡಗಿನ ಅಡುಗೆಯವರು, ಔಷಧಿ ಬೀರುವಿನ ಮೇಲೆ ಆ ಸರೋವರದ ಚಿತ್ರ ಅಂಟಿಸಿಕೊಂಡಿದ್ದರು. ಇಂಜೆಕ್ಷನ್ ಕೊಡುವಾಗಲೆಲ್ಲ, "ಸಿಸ್ಟರ್, ನೀವು ಸೂಜಿ ನೋಡಿ, ನಾನು ನೀರು ನೋಡ್ತೀನಿ" ಅನ್ನುವರು. ಗುಣವಾಗಿ ಮನೆಗೆ ಹೋಗುವಾಗ ಚಿತ್ರವನ್ನು ನನಗೇ ಕೊಟ್ಟು ಹೋದರು. ಈಗ ನನ್ನ ಕನ್ನಡಿಯ ಮೂಲೆಯಲ್ಲಿದೆ. ದಿನಾ ತಲೆ ಬಾಚುವಾಗ ಅರ್ಧ ನನ್ನ ಮುಖ, ಅರ್ಧ ಆ ನೀರು.

ತಿದ್ದುಪಡಿಯ ವಿಷಯ ಮರೆತ ಹಾಗೆ ನಟಿಸಬೇಡ. ನಾನು ಮರೆತಿಲ್ಲ.

ಅಕ್ಕ


ಫೆಬ್ರವರಿ 19

ಪ್ರೀತಿಯ ಅಕ್ಕನಿಗೆ,

ನಿನ್ನ ಟೀಕೆಗಳನ್ನು ಶಿರಸಾವಹಿಸಿದ್ದೇನೆ. ಇದೋ, ಪರಿಷ್ಕೃತ ಎರಡನೇ ಆವೃತ್ತಿ. ಪ್ರತಿ ದಿನ ಎರಡು ಖಾಲಿ ಪೀರಿಯಡ್ ಬಿಟ್ಟಿದ್ದೇನೆ. ನನ್ನ ವೃತ್ತಿಜೀವನದಲ್ಲಿ ಯಾವ ಮೇಷ್ಟ್ರಿಗೂ ಇಷ್ಟು ಕೊಟ್ಟವನಲ್ಲ. ಚಿತ್ರಕಲೆಯ ಮೇಷ್ಟ್ರು ಒಂದೇ ಒಂದಕ್ಕಾಗಿ ನನ್ನ ಮೇಜಿನ ಮುಂದೆ ಕಣ್ಣೀರಿಟ್ಟಿದ್ದರು.

ಸರೋವರದ ಊರು ಕೈಬಿಟ್ಟಿದ್ದಕ್ಕೆ ಕಾರಣಗಳಿವೆ. ಒಂದು, ಸೊಳ್ಳೆ. ಎರಡು, ತೇವ. ನಿನ್ನ ಮಂಡಿಗೆ ತೇವ ಆಗದು. ಮೂರು, ನೀರು ಎಲ್ಲಿ ನೋಡಿದರೂ ನೀರೇ. ಬಂದರಿನ ಊರಿನಲ್ಲಿ ಬೇಕಾದಷ್ಟು ತೋರಿಸುತ್ತೇನೆ, ಅದೂ ಉಪ್ಪು ಬೆರೆಸಿದ್ದು. ನಾಲ್ಕು, ಆ ಸ್ಟೇಷನ್ನಿನ ವಾತಾವರಣ ಅಷ್ಟು ಸರಿಯಿಲ್ಲ ಎಂದು ಬಲ್ಲವರು ಹೇಳುತ್ತಾರೆ.

ನಿನ್ನ ಮಂಡಿಯ ಹಿತೈಷಿ,
ತಮ್ಮ


ಮಾರ್ಚ್ 8

ತಮ್ಮನಿಗೆ,

ನನ್ನ ಮಂಡಿಗೆ ಏನೂ ಆಗಿಲ್ಲ. ದಿನಾ ಮೂರು ಮಹಡಿ ಹತ್ತಿ ಇಳಿಯುತ್ತೇನೆ.

ನಿನ್ನ ಎರಡನೇ ಆವೃತ್ತಿ ತೆಗೆದುಕೊಂಡು ಟಿಕೆಟ್ ಕಚೇರಿಗೆ ಹೋದೆ. ಕೌಂಟರಿನಲ್ಲೊಬ್ಬಳು ಚುರುಕಾದ ಹುಡುಗಿ. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದಳು.

"ಆಂಟಿ, ಇದನ್ನ ಹಾಕಿಕೊಟ್ಟೋರು ಯಾರು?"

"ನನ್ನ ತಮ್ಮ. ಯಾಕಮ್ಮ?"

"ಅಲ್ಲ, ಸೇತುವೆಗಳ ಊರಿಗೆ ಹೋಗೋರೆಲ್ಲ ಊರ ನಡುವಿನ ದೊಡ್ಡ ಸ್ಟೇಷನ್ನಲ್ಲಿ ಇಳೀತಾರೆ. ಇವರು ಒಂಬತ್ತು ಕಿಲೋಮೀಟರ್ ಆಚೆ, ಗೂಡ್ಸ್ ರೈಲು ನಿಲ್ಲೋ ಕಡೆ ಇಳಿಸ್ತಿದ್ದಾರೆ. ಬಂದರಿನ ಊರಿಗೆ ನೇರ ರೈಲಿದೆ. ಇವರು ಎರಡು ಹಳ್ಳಿ ಸುತ್ತಿ ಬರ್ತಾರೆ. ಅವರಿಗೆ ದೊಡ್ಡ ಸ್ಟೇಷನ್ ಕಂಡ್ರೆ ಆಗಲ್ವಾ?"

ನನಗೆ ತಲೆಯಲ್ಲಿ ಏನೋ ಹೊಳೆಯಿತು. "ಆ ದೊಡ್ಡ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮಿಂದ ಆಚೆ ಬರೋದು ಹೇಗಮ್ಮ?" ಅಂತ ಕೇಳಿದೆ.

"ಎಸ್ಕಲೇಟರ್ ಇರುತ್ತೆ ಆಂಟಿ. ಸರೋವರದ ಊರಲ್ಲಂತೂ ಸ್ಟೇಷನ್ ನೆಲದ ಕೆಳಗೆ ಮೂರು ಮಹಡಿ. ಅಷ್ಟುದ್ದದ ಎಸ್ಕಲೇಟರ್ ಇನ್ನೆಲ್ಲೂ ಇಲ್ವಂತೆ, ಜನ ಫೋಟೊ ತೆಗೆಸ್ಕೊಳ್ತಾರೆ."

ಆ ಹುಡುಗಿಯಿಂದ ಸ್ಟೇಷನ್ನುಗಳ ವಿವರದ ಪುಸ್ತಕ ಇಸಿದುಕೊಂಡು, ಮನೆಗೆ ಬಂದು ಕನ್ನಡಕ ಹಾಕಿಕೊಂಡು ಕೂತೆ. ಹನ್ನೊಂದು ಸ್ಟೇಷನ್ನುಗಳ ಕೇಸ್ ಶೀಟ್ ಒಂದೊಂದಾಗಿ ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ನೆಲಮಟ್ಟದವು. ಮೆಟ್ಟಿಲಿದ್ದ ಕಡೆಯೂ ಹುಟ್ಟಿದ ಜಾಗದಲ್ಲೇ ನಿಂತಿರುವ ಮೆಟ್ಟಿಲು. ರೋಗ ಯಾವುದು ಅಂತ ತಿಳಿಯಿತು. ರೋಗಿ ಯಾರು ಅಂತ ಮೊದಲೇ ತಿಳಿದಿತ್ತು.

ನಗುತ್ತಿಲ್ಲ ಕಣೋ. ಸೂಜಿ ಕಂಡರೆ ಮೂರ್ಛೆ ಹೋಗುವ ಪೈಲ್ವಾನರನ್ನು ನೋಡಿದ್ದೇನೆ, ಒಬ್ಬರ ಹೆಸರನ್ನೂ ಆಚೆ ಹೇಳಿಲ್ಲ. ನಿನ್ನದನ್ನೂ ಹೇಳುವುದಿಲ್ಲ. ನಿನ್ನ ಭಯ ನಿನ್ನ ಹತ್ತಿರವೇ ಇರಲಿ. ಅದಕ್ಕೆ ನನ್ನ ಹೆಸರು ಅಂಟಿಸಿದ್ದೀಯಲ್ಲ, ಅದನ್ನಷ್ಟು ಬಿಚ್ಚಿ ಕೊಡು.

ಅಕ್ಕ


ಮಾರ್ಚ್ 15

ಅಕ್ಕನಿಗೆ,

ನಾನು? ಭಯ? ಒಂದು ಯಂತ್ರಕ್ಕೆ? ಇಪ್ಪತ್ತಾರು ವರ್ಷ ಹತ್ತನೇ ತರಗತಿಯ ಕೊನೆಯ ಬೆಂಚನ್ನು ಎದುರಿಸಿದ ಗಂಡು ನಾನು. ಶಾಲಾ ತನಿಖಾಧಿಕಾರಿ ಬಂದಾಗ ಉಳಿದವರೆಲ್ಲ ಪ್ರಯೋಗಾಲಯದಲ್ಲಿ ಅಡಗಿದರೂ ಬಾಗಿಲಲ್ಲಿ ನಿಂತವನು ನಾನು. ಸಣ್ಣ ಸ್ಟೇಷನ್ನುಗಳನ್ನು ಆರಿಸಿದ್ದು ಅವುಗಳ ಗ್ರಾಮೀಣ ಸೊಬಗಿಗಾಗಿ. ಟಿಕೆಟ್ ಕೊಡುವ ಹುಡುಗಿಗೆ ಸೊಬಗಿನ ಗಂಧ ಎಲ್ಲಿಂದ ಬರಬೇಕು?

ಬೇಕಿದ್ದರೆ ಎಸ್ಕಲೇಟರ್ ಮೇಲೆ ಒಂಟಿ ಕಾಲಿನಲ್ಲಿ ನಿಂತು ತೋರಿಸುತ್ತೇನೆ.

ತಮ್ಮ


ಏಪ್ರಿಲ್ 12

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ತಮ್ಮನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಮಾತು ಬಿಟ್ಟಿರುವುದು ನೀವಿಬ್ಬರು. ನಾನು ಫೋನೇ ಮಾಡಬಹುದಿತ್ತು, ಆದರೆ ಫೋನಿರುವ ಕೋಣೆಯಲ್ಲೇ ಇವರು ಮನೆಯಲ್ಲಿದ್ದಷ್ಟು ಹೊತ್ತೂ ಕೂತಿರುತ್ತಾರೆ, ಆಚೆ ಹೋದರೆ ಯಾವಾಗ ಬರುತ್ತಾರೋ ತಿಳಿಯದು.

ಒಂದು ತಿಂಗಳಿಂದ ಮನುಷ್ಯ ಸರಿಯಿಲ್ಲ. ಬೆಳಿಗ್ಗೆ ಎದ್ದು "ಮಾನ್ಯ ಸಂಪಾದಕರೇ" ಅಂತ ಬರೆಯುತ್ತಾರೆ. ಅದರ ಮುಂದೆ ಹೋಗುವುದಿಲ್ಲ. ಹಾಳೆ ಹರಿಯುತ್ತಾರೆ, ಹರಿಯುವಾಗ ಕೆಮ್ಮುತ್ತಾರೆ. ಈ ಕೆಮ್ಮು ಏನು ಅಂತ ಅರ್ಥವಾಗಿಲ್ಲ. ಕಸದ ಬುಟ್ಟಿಯಲ್ಲಿ ಮಾನ್ಯ ಸಂಪಾದಕರು ಮೂವತ್ತಾದರೂ ಇದ್ದಾರೆ.

ಇನ್ನೊಂದು. ವಾರಕ್ಕೆ ಮೂರು ದಿನ, ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಆ ಶಾಪಿಂಗ್ ಕಟ್ಟಡಕ್ಕೆ ಹೋಗುತ್ತಾರೆ. ಕೇಳಿದರೆ "ಅಂಗಿಗೆ ಗುಂಡಿ ತರೋಕೆ" ಅನ್ನುತ್ತಾರೆ.

"ಮೂರು ವಾರದಿಂದ ಹೋಗ್ತಿದ್ದೀರಿ, ಒಂದು ಗುಂಡಿನೂ ಬಂದಿಲ್ಲವಲ್ಲ?"

"ಬಣ್ಣ ಹೊಂದುತ್ತಿಲ್ಲ."

"ಬಿಳಿ ಅಂಗಿಗೆ ಬಿಳಿ ಗುಂಡಿ ಹೊಂದಲ್ವೇನ್ರೀ?"

"ಬಿಳಿಯಲ್ಲೂ ಬಗೆಬಗೆ ಇದೆ. ನಿನಗೆ ಗೊತ್ತಾಗಲ್ಲ."

ಮೊನ್ನೆ ನಾನೂ ಹಿಂದೆಯೇ ಹೋದೆ. ಇವರು ಎಸ್ಕಲೇಟರಿನ ಬುಡದಲ್ಲಿ ಕೈಕಟ್ಟಿಕೊಂಡು ನಿಂತಿದ್ದರು, ಅದರ ಹಾಜರಿ ತೆಗೆದುಕೊಳ್ಳುವವರ ಹಾಗೆ. ಒಂದು ಮೆಟ್ಟಿಲು ಬಂದರೆ ಕಾಲು ಎತ್ತುವುದು, ಹೋಯಿತು ಅಂದರೆ ಇಳಿಸುವುದು. ಹಿಂದೆ ಬಂದವರಿಗೆಲ್ಲ "ನೀವು ಮುಂದೆ ಹೋಗಿ, ನೀವು ಹೋಗಿ" ಅಂತ ದಾರಿ ಬಿಡುತ್ತಿದ್ದರು. ಒಬ್ಬಾಕೆ ಇವರನ್ನು ಅಂಗಡಿಯ ಸಿಬ್ಬಂದಿ ಅಂದುಕೊಂಡು "ಚಪ್ಪಲಿ ಎಷ್ಟನೇ ಮಹಡಿ?" ಅಂತ ಕೇಳಿದಳು. ಇವರು ಸರಿಯಾಗಿಯೇ ಹೇಳಿದರು. ಅಷ್ಟು ದಿನ ನಿಂತಿದ್ದಾರೆ.

ನನಗೆ ನಗು ಬಂತು ಅತ್ತಿಗೆ. ಸುಳ್ಳು ಹೇಳುವುದಿಲ್ಲ. ಆದರೆ ಮನೆಗೆ ಬಂದ ಮೇಲೆ, ನಿಮಗೆ ಬರೆಯಲೇಬೇಕು ಅಂತ ಕಾಗದ ತೆಗೆದಿಟ್ಟೆ. ನಿಮ್ಮ ಜೊತೆ ಹೋಗಬೇಕು ಅನ್ನುವ ಆಸೆ ಇವರಿಗೆ ಎಷ್ಟಿದೆ ಅಂತ ನನಗೆ ಗೊತ್ತು. ಬಸ್ಸಿನವರಿಗೆ ಇನ್ನೂ ಹೂಂ ಅನ್ನಬೇಡಿ.

ನಿಮ್ಮ ನಾದಿನಿ


ಏಪ್ರಿಲ್ 18

ತಮ್ಮನಿಗೆ,

ಬಸ್ಸಿನವರು ಎರಡು ಸಲ ಫೋನು ಮಾಡಿದರು. ಕಿಟಕಿ ಪಕ್ಕದ ಸೀಟಂತೆ. ಸರೋವರದ ಊರಿನಲ್ಲಿ ಒಂದು ಪೂರ್ತಿ ದಿನ ನಿಲ್ಲಿಸುತ್ತಾರಂತೆ. ಮೂವತ್ತಕ್ಕೆ ಉತ್ತರ ಹೇಳಲೇಬೇಕು.

ನಾನು ಕಾಯುತ್ತಿರುವುದು ಬಸ್ಸಿಗಲ್ಲ.

ಅಕ್ಕ


ಏಪ್ರಿಲ್ 25
(ಪ್ರತಿ: ಅಕ್ಕನಿಗೆ. ಇನ್ನೊಂದು ಪ್ರತಿ: ದೊಡ್ಡ ಡಾಕ್ಟರಿಗೆ, ವಾರ್ಡಿನ ನೋಟಿಸ್ ಬೋರ್ಡಿಗಾಗಿ, ನಾಲ್ಕು ಪಿನ್ನುಗಳ ಸಮೇತ.)

ಮಾನ್ಯ ಸಂಪಾದಕರೇ,

ಎರಡು ವರ್ಷದ ಹಿಂದೆ ತಾವು ಪ್ರಕಟಿಸಿದ, ತಾವೇ ಫಲಕ ಕೊಟ್ಟು ಗೌರವಿಸಿದ ನನ್ನ ಲೇಖನದಲ್ಲಿ ಒಂದು ತಪ್ಪು ನುಸುಳಿದೆ. ಕಟ್ಟಡ ನಿಜ, ಎಸ್ಕಲೇಟರ್ ನಿಜ, ಕಿರುಚಾಟವೂ ನಿಜ. ಕಿರುಚಿದವರು ಮಾತ್ರ ಬೇರೆ.

ಅಂದು ಅಕ್ಕ ಹಾಸಿಗೆಗೆ ಹೊದಿಕೆ ಹಾಸುವಷ್ಟು ಸಲೀಸಾಗಿ ಆ ಮೆಟ್ಟಿಲಿಗೆ ಕಾಲಿಟ್ಟು ನಿಂತಳು. ಹಿಂದೆ ನಾನು. ನನ್ನ ಬಲಗಾಲು ಪ್ರಯಾಣ ಹೊರಟಿತು, ಎಡಗಾಲು ಅದನ್ನು ಬೀಳ್ಕೊಡಲು ನೆಲದ ಮೇಲೇ ನಿಂತಿತು. ಇಬ್ಬರ ಅಗಲಿಕೆ ಮಿತಿಮೀರಿದಾಗ ನಾನು ಅಕ್ಕನ ಕೈಚೀಲಕ್ಕೆ ಜೋತುಬಿದ್ದೆ. ಚೀಲ ಬಾಯಿ ಬಿಟ್ಟಿತು. ನಾನೂ ಬಿಟ್ಟೆ. ಬಾಚಣಿಗೆ, ಬೀಗದ ಕೈ, ಥರ್ಮಾಮೀಟರ್ ಒಂದೊಂದಾಗಿ ಕೆಳಗಿಳಿದವು. ನಾನು ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿ, "ಅಕ್ಕಾ, ಇದನ್ನ ನಿಲ್ಸೇ!" ಎಂದು ಅರಚಿದೆ. ನನಗಾಗ ಐವತ್ತೆಂಟು ವರ್ಷ.

ಅಕ್ಕ ಮೇಲಕ್ಕೆ ಹೋಗುತ್ತಿದ್ದ ಮೆಟ್ಟಿಲಿನಲ್ಲಿ ಕೆಳಕ್ಕೆ ನಡೆದು ಬಂದಳು. ಪಕ್ಕದಲ್ಲಿ ಕೂತಳು. ಮಣಿಕಟ್ಟು ಹಿಡಿದು ನಾಡಿ ನೋಡಿದಳು. "ನೂರಿಪ್ಪತ್ತು. ಸಾಯಲ್ಲ, ಏಳು" ಎಂದಳು. ಮೇಲೆ ತಲುಪಿದಾಗ ಅಂಗಡಿಯವರು ಓಡಿಬಂದು, ಇಬ್ಬರೂ ನೆಲದ ಮೇಲಿರುವುದನ್ನು ಕಂಡು, "ಏನಾಯ್ತು? ಯಾರಿಗೆ ಏನಾಯ್ತು?" ಎಂದರು.

ನಾನು ಅಂದೆ: "ನಮ್ಮಕ್ಕನಿಗೆ ಸ್ವಲ್ಪ ಭಯ."

ಸಂಪಾದಕರೇ, ಇದುವರೆಗಿನದು ನನ್ನ ಹೇಡಿತನ. ಮುಂದಿನದಕ್ಕೆ ನನ್ನಲ್ಲಿ ಹೆಸರಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಬಿಳಿಚಿಕೊಂಡಿತ್ತೇನೋ. ಅವರ ಕಡೆ ತಿರುಗಿ, "ಹೌದು, ನನಗೇ. ಅಭ್ಯಾಸ ಇಲ್ಲ ನೋಡಿ" ಎಂದಳು. ಇಪ್ಪತ್ತೆರಡು ಹಾಸಿಗೆಯ ವಾರ್ಡಿನಲ್ಲಿ ಎಂದೂ ಕೈ ನಡುಗದ ಹೆಂಗಸು, ನನ್ನ ಮಾನ ಉಳಿಯಲೆಂದು ತನ್ನದನ್ನು ಮಡಚಿ ನನ್ನ ಕೈಗಿಟ್ಟಳು. ನಾನದನ್ನು ಮನೆಗೆ ಒಯ್ದು, ಬಣ್ಣ ಬಳಿದು, ತಮಗೆ ಕಳುಹಿಸಿದೆ. ಜನ ನಕ್ಕಾಗ ಎದ್ದು ನಿಂತು ಕೈಮುಗಿದೆ.

ಆ ಲೇಖನಕ್ಕೆ ಕೊಟ್ಟಷ್ಟೇ ಜಾಗ ಇದಕ್ಕೂ ಕೊಡಬೇಕಾಗಿ ಪ್ರಾರ್ಥನೆ. ಫಲಕವನ್ನು ಬೇರೆ ಕಟ್ಟಿನಲ್ಲಿ ಹಿಂದಿರುಗಿಸಿದ್ದೇನೆ. ಒಂದು ಮೂಲೆ ಮುಕ್ಕಾಗಿದೆ, ನನ್ನ ಹೆಂಡತಿ ಅದರಿಂದ ಬಾಗಿಲು ತಡೆಯುತ್ತಿದ್ದಳು.

ತಮ್ಮ ವಿಶ್ವಾಸಿ,
"ಅಕ್ಕ ಮತ್ತು ಓಡುವ ಮೆಟ್ಟಿಲು" ಬರೆದವನು


ಮೇ 11

ತಮ್ಮನಿಗೆ,

ಪ್ರತಿ ಇಪ್ಪತ್ತೆಂಟಕ್ಕೆ ಬಂತು. ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಎರಡನೇ ಸಲ ನಗು ತಡೆಯಲಾಗಲಿಲ್ಲ. ಅವತ್ತೇ ಬಸ್ಸಿನವರಿಗೆ ಫೋನು ಮಾಡಿ, ಕಿಟಕಿ ಸೀಟು ಬೇರೆಯವರಿಗೆ ಕೊಡಿ ಅಂದೆ.

ಮೊನ್ನೆ ಪತ್ರಿಕೆ ಬಂದ ಮೇಲೆ ದೊಡ್ಡ ಡಾಕ್ಟರು ಮನೆಗೇ ಬಂದಿದ್ದರು. ಬಾಗಿಲಲ್ಲಿ ನಿಂತು, "ಸಿಸ್ಟರ್, ಅವತ್ತು ನಾನು ಬೇರೆ ಏನಾದ್ರೂ ಮಾತಾಡಬೇಕಿತ್ತು" ಅಂದರು. "ಇವತ್ತು ಮಾತಾಡಿ ಸಾರ್, ಕೂತ್ಕೊಳ್ಳಿ" ಅಂದೆ. ಮುಕ್ಕಾಲು ಗಂಟೆ ಮಾತಾಡಿದರು, ಎಲ್ಲ ವಾರ್ಡಿನ ವಿಷಯವೇ. ನನಗೆ ಅಷ್ಟೇ ಬೇಕಿತ್ತು. ತರಬೇತಿಯ ಹುಡುಗಿಯರೂ ಫೋನು ಮಾಡಿದರು. ನಿನ್ನ ನಾಡಿಯ ನೂರಿಪ್ಪತ್ತು ಈಗ ಅಲ್ಲಿ ಪಾಠವಾಗಿದೆಯಂತೆ.

ಇನ್ನು ಕೆಲಸದ ಮಾತು. ಸರೋವರದ ಊರು ಸೇರಿಸು. ಮೂರು ದಿನ. ಆ ಮೂರು ದಿನಕ್ಕೆ ಪೀರಿಯಡ್ ಬೇಡ, ಗಂಟೆ ಬೇಡ, ಬರೀ ಖಾಲಿ ಹಾಳೆ. ಇಳಿಯುವುದು ಊರ ನಡುವಿನ ಸ್ಟೇಷನ್ನಲ್ಲೇ. ಲಿಫ್ಟ್ ಇದೆ, ಕೌಂಟರಿನ ಹುಡುಗಿಯನ್ನು ಕೇಳಿದ್ದೇನೆ. ನಾಚಿಕೆ ಬೇಡ, ನಾನೂ ಅದರಲ್ಲೇ ಬರುತ್ತೇನೆ.

ಎರಡು ಜೊತೆ ಕಾಲುಚೀಲ ಹೆಚ್ಚಿಗೆ ಇಟ್ಟುಕೋ. ಮಾತ್ರೆ ನಾನು ತರುತ್ತೇನೆ. ನಿನ್ನ ಶಾಲೆಯ ಗಂಟೆಯನ್ನು ತರಬೇಡ, ತರುವವನೇ ನೀನು.

ಇನ್ನು ಫೋನು ಮಾಡಬಹುದು. ಎತ್ತುತ್ತೇನೆ.

ನಿನ್ನ ಅಕ್ಕ


ಮೇ 19

ನನ್ನ ಪ್ರೀತಿಯ ಅಕ್ಕನಿಗೆ,

ಫೋನು ಮಾಡಬಹುದಿತ್ತು. ಮೂರು ಸಲ ಎತ್ತಿ ಇಟ್ಟೆ. ನಾಲ್ಕು ತಿಂಗಳು ಬರೆದು ಬರೆದು ನಾಲಿಗೆಗೆ ಅಭ್ಯಾಸ ತಪ್ಪಿದೆ. ಅಲ್ಲದೆ ಈಗ ಹೇಳಬೇಕಾದ ಸುದ್ದಿ ಕಾಗದದ ಮೇಲೆ ದಾಖಲಾಗಿ, ಮುಂದಿನ ಪೀಳಿಗೆಗೆ ಉಳಿಯಬೇಕಾದಂಥದ್ದು.

ಮೊದಲು ಮೂರನೇ ಆವೃತ್ತಿ. ಒಂಬತ್ತು ರೈಲು, ಐದು ಊರು. ಸರೋವರಕ್ಕೆ ಕೊಟ್ಟ ಮೂರು ದಿನಗಳ ಚೌಕಗಳಲ್ಲಿ ಏನೂ ಬರೆದಿಲ್ಲ. ಎದ್ದು ಬಂದು ಮತ್ತೆ ಮತ್ತೆ ನೋಡಿದೆ, ಪೆನ್ನು ತಾನಾಗಿಯೇ ಅತ್ತ ಹೋಗುತ್ತಿತ್ತು. ಕೊನೆಗೆ ನಿನ್ನ ನಾದಿನಿ ಪೆನ್ನು ಕಿತ್ತುಕೊಂಡಳು.

ಇನ್ನು ಸುದ್ದಿ. ಅಕ್ಕ, ಲಿಫ್ಟ್ ಬೇಡ. ಹೌದು, ಸರಿಯಾಗಿಯೇ ಓದಿದೆ, ಲಿಫ್ಟ್ ಬೇಡ! ನಿನ್ನೆ ಬೆಳಿಗ್ಗೆ ಶಾಪಿಂಗ್ ಕಟ್ಟಡದ ಅದೇ ಎಸ್ಕಲೇಟರನ್ನು, ಬುಡದಿಂದ ತುದಿಯವರೆಗೆ, ಮೂವತ್ತೆರಡು ಮೆಟ್ಟಿಲುಗಳನ್ನೂ ಹತ್ತಿದ್ದೇನೆ. ಕೂರಲಿಲ್ಲ. ಅರಚಲಿಲ್ಲ. ಎರಡೂ ಕಾಲು ಜೊತೆಯಲ್ಲೇ ಬಂದವು. ಮೇಲೆ ನಿಂತು ಕೆಳಗೆ ನೋಡಿದೆ, ಲೋಕ ಸಣ್ಣದಾಗಿ ಕಂಡಿತು. ಇಳಿದು ಬರುವಾಗ ಗುಂಡಿಯನ್ನೂ ತಂದೆ, ಬಿಳಿಯದೇ. ಇನ್ನು ಸರೋವರದ ಊರಿನಲ್ಲಿ ಜನ ಫೋಟೊ ತೆಗೆಸಿಕೊಳ್ಳುವ ಆ ಮೆಟ್ಟಿಲಿನ ಮೇಲೆ ನಿನ್ನ ತಮ್ಮನನ್ನು ಹೇಗೆ ನಿಲ್ಲಿಸಿ ಫೋಟೊ ತೆಗೆಯಬೇಕು ಎಂದು ಈಗಿನಿಂದಲೇ ಯೋಚಿಸು. ಬಲಮಗ್ಗುಲು ಚೆನ್ನಾಗಿ ಬರುತ್ತದೆ.

ಗೆದ್ದು ಬಂದ,
ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮುನ್ನ ನಿನ್ನ ನಾದಿನಿ ಇದನ್ನು ಓದಿದಳು. ಓದಿ, ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾಳೆ. ಹತ್ತು ನಿಮಿಷವಾಯಿತು. ತಿದ್ದುಪಡಿಗಾಗಿ ನೀನು ಇನ್ನು ಎರಡು ವರ್ಷ ಕಾಯುವುದು ಬೇಡವೆಂದು ಈಗಲೇ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಆ ಎಸ್ಕಲೇಟರ್ ಕೆಟ್ಟು ನಿಂತಿತ್ತು. ಎರಡೂ ಕಡೆ ಹಳದಿ ಫಲಕ ಇಟ್ಟಿದ್ದರು. ಕಾವಲಿನವನನ್ನು ಬೇಡಿಕೊಂಡು, ಹಗ್ಗ ದಾಟಿ ಒಳಗೆ ಹೋಗಿದ್ದೆ. ಅದೂ ಕೊನೆಯ ಮೂರು ಮೆಟ್ಟಿಲಿಗೆ ಅವನ ಕೈ ಹಿಡಿದುಕೊಂಡೇ ಹತ್ತಿದೆ.